ಹಗೇವಿನ ಬಯಲು

ಆ ಬೆಳಿಗ್ಗೆ ಕಪ್ಪತಗುಡ್ಡದ ಕಡೆಯಿಂದ ಇಳಿದು ಬಂದ ಮಂಜು ಹೊತ್ತೇರಿದರೂ ಕಳಸಾಪುರದ ಮೇಲಿನಿಂದ ಏಳಲೊಲ್ಲದಾಗಿತ್ತು. ಕಡಲೆ ಹೊಲಗಳ ಹುಳಿ ವಾಸನೆ ಅದರೊಳಗೆ ಸಿಕ್ಕಿಕೊಂಡು ಮನೆಯ ಪಡಸಾಲೆಯವರೆಗೂ ಬಂದಿತ್ತು. ವಿರೂಪಾಕ್ಷಪ್ಪ ಪೂಜೆಗೆ ಕುಳಿತು ಅಂಗೈಯ ಮೇಲಿನ ಲಿಂಗಕ್ಕೆ ನೀರೆರೆದ, ವಿಭೂತಿ ಧರಿಸಿದ, ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಲಿಂಗವಿರಲಿಲ್ಲ, ಬಯಲಿತ್ತು. ಊರ ಹೊರಗೆ, ಗದಗಿನ ದಾರಿಯ ಮಗ್ಗುಲಿಗೆ, ಹುಲ್ಲು ಕೂಡ ಸರಿಯಾಗಿ ಬೆಳೆಯದ ಗಟ್ಟಿ ನೆಲದ ಬಯಲು. ಹಾದುಹೋಗುವವರಿಗೆ ಅಲ್ಲಿ ಕಾಣುವುದು ದನದ ಹೆಜ್ಜೆ, ಒಂದೆರಡು ಜಾಲಿ ಕಂಟಿ. ಆದರೆ ಊರಿನ ಮನೆಮನೆಯ ಜೋಳ ಇದ್ದದ್ದು ಆ ನೆಲದ ಹೊಟ್ಟೆಯಲ್ಲಿ. ಆಳೆತ್ತರಕ್ಕಿಂತ ಆಳವಾಗಿ ತೋಡಿ, ಸುತ್ತಲೂ ಕಣಿಕೆ ಹೊಟ್ಟು ಒತ್ತಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತಿದ ಹಗೇವುಗಳು. ಯಾವ ಕಲ್ಲು ಯಾರದೆಂಬುದು ಊರಿಗೆ ಗೊತ್ತು. ಕಲ್ಲಿನ ಕೆಳಗೆ ಎಷ್ಟಿದೆ ಎಂಬುದು ಮಾತ್ರ ತಂದೆ ಮಗನಿಗೆ ಹೇಳುವ ಮಾತು, ನೆರೆಯವ ಕೇಳುವ ಮಾತಲ್ಲ.

ವಿರೂಪಾಕ್ಷಪ್ಪನ ಹಗೇವು ಆ ಬಯಲಿನಲ್ಲೇ ದೊಡ್ಡದು, ಅಜ್ಜ ತೋಡಿಸಿದ್ದು. ಅದು ಬರಿದಾಗಿತ್ತು. ಎರಡು ಮಳೆಗಾಲದ ಹಿಂದೆ ಎಲ್ಲಿಂದಲೋ ನೀರು ಬಸಿದು, ಬಾಯಿ ತೆಗೆದಾಗ ಜೋಳವೆಲ್ಲ ಕರ್ರಗೆ ಕೊಳೆತು ಮುದ್ದೆಯಾಗಿತ್ತು. ಊರವರು ಹೊಲಕ್ಕೆ ಹೋದ ಹೊತ್ತು ನೋಡಿ ಗಂಡ ಹೆಂಡತಿ ಇಬ್ಬರೇ ಅದನ್ನು ಬುಟ್ಟಿಬುಟ್ಟಿಯಾಗಿ ತಿಪ್ಪೆಗೆ ಹೊತ್ತು, ಒಳಗೆ ಗುಡಿಸಿ, ಬೆಂಕಿಯ ಝಳ ತೋರಿಸಿ ಒಣಗಿಸಿ, ಮತ್ತೆ ಕಲ್ಲಿಟ್ಟು ಮಣ್ಣು ಮೆತ್ತಿದ್ದರು. ಹೊಸ ಜೋಳ ಬಂದಾಗ ತುಂಬಿಸಿದರಾಯಿತು ಅಂದುಕೊಂಡದ್ದು ಹಾಗೇ ಉಳಿಯಿತು. ಅಮಾವಾಸ್ಯೆಗೊಮ್ಮೆ ಆ ಕಲ್ಲಿಗೆ ವಿಭೂತಿ ಹಚ್ಚಿ ಕಾಯಿ ಒಡೆಯುವುದನ್ನು ಮಾತ್ರ ಅವನು ಬಿಡಲಿಲ್ಲ. ಏನೂ ಇಲ್ಲದ ಹೊಟ್ಟೆಯ ಮುಂದೆ ಕಾಯಿ ಒಡೆಯುವಾಗ ಮೊದಮೊದಲು ಕೈ ನಡುಗುತ್ತಿತ್ತು, ಆಮೇಲೆ ನಡುಗುವುದನ್ನು ಬಿಟ್ಟಿತು. ನಡುಗದೆ ಹೋದದ್ದೇ ಹೆಚ್ಚಿನ ಪಾಪವೆಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಈಗಲೂ ಹಾಗೇ ಅನ್ನಿಸಿ ಅವನು ಕಣ್ಣು ತೆರೆದ. ಅಂಗೈಯ ನೀರು ಬೆರಳ ಸಂದಿನಿಂದ ಸೋರಿ ಧೋತರ ತೊಯ್ದಿತ್ತು.

"ಎಷ್ಟೊತ್ತರಿ ಪೂಜಿ?" ಹೆಂಡತಿ ಸುಮಿತ್ರವ್ವ ಬಾಗಿಲಲ್ಲಿ ನಿಂತಿದ್ದಳು. "ಸಾಹೇಬ್ರ ಮೋಟಾರು ಗುಡಿ ಮುಂದ ಬಂದು ನಿಂತೈತಂತ. ಮಂದಿ ಆಗಲೇ ಕೂಡೈತಿ. ಬೀಗರೂ ಅದರಾಗ ಬಂದಾರಂತ."

"ಯಾವ ಬೀಗರು?"

"ಯಾವ ಬೀಗರಂತ ಕೇಳ್ತೀರಲ್ಲ! ಎಷ್ಟ ಮಂದಿ ಬೀಗರದಾರ ನಮಗ? ಹುಚ್ಚೀರಪ್ಪನವರು. ಪ್ಯಾಟಿ ಮಂದಿ ಪರವಾಗಿ ಅವರನ್ನೂ ಕರಕೊಂಡು ಬಂದಾರಂತ." ಆಮೇಲೆ ದನಿ ತಗ್ಗಿಸಿದಳು. "ನೀವು ಇವತ್ತ ಬಾಯಿ ತಗೀಬ್ಯಾಡ್ರಿ. ಸುಮ್ನ ಕುಂತು ಬರ್ರಿ. ಮಾಘ ಬರಾಕ ಇನ್ನೇನ ಬಾಳ ದಿನ ಇಲ್ಲ."

ಮಾಘದಲ್ಲಿ ಮಗಳು ಶಾರದವ್ವನ ಮದುವೆ. ವರನ ತಂದೆ, ಲಕ್ಷ್ಮೇಶ್ವರದ ಹುಚ್ಚೀರಪ್ಪ, ಗದಗಿನಲ್ಲಿ ಅರಳೆಯ ಅಂಗಡಿ ಇಟ್ಟವನು, ತೂಗದೆ ಏನನ್ನೂ ಕೊಳ್ಳದವನು. ಹೆಣ್ಣು ನೋಡಲು ಬಂದ ದಿನ ಊಟವಾದ ಮೇಲೆ, ಹೀಗೇ ಅಡ್ಡಾಡಿ ಬರೋಣ ನಡೀರಿ ಎಂದು ಬಯಲಿಗೇ ಬಂದಿದ್ದ. ಕೈಯಲ್ಲಿ ಬೆಳ್ಳಿ ಕಟ್ಟಿನ ಬೆತ್ತ. ಇದೇನ್ರಿ ನಿಮ್ಮದು, ಎಷ್ಟ ಹಿಡಿತೈತಿ ಎಂದು ಕೇಳಿ ಬೆತ್ತವನ್ನು ಕಲ್ಲಿನ ಮೇಲೆ ಊರಿದ್ದ. ತುಂಬಿದ ಹಗೇವು ಬಡಿದರೆ ದನಿ ಸತ್ತಂತೆ ಬರುತ್ತದೆ, ಬರಿದಾದದ್ದು ಗುಂಯ್ ಅನ್ನುತ್ತದೆ. ಬೆತ್ತ ಎರಡನೆಯ ಸಲ ಎತ್ತಿದಾಗ ವಿರೂಪಾಕ್ಷಪ್ಪ ಎದೆ ಹರಿಯುವಂತೆ ಕೆಮ್ಮಿದ, ಕೆಮ್ಮುತ್ತಲೇ ಹೇಳಿದ: "ನಮ್ಮಜ್ಜ ಅಂತಿದ್ದ ಬೀಗರ, ಒಮ್ಮೆ ತುಂಬಿಸಿದ್ರ ಮನಿ ಮಂದಿ ನಾಕ ವರ್ಷ ಉಂಡ್ರೂ ತಳಾ ಕಾಣಂಗಿಲ್ಲ ಅಂತ." ಅದರಲ್ಲಿ ಸುಳ್ಳು ಒಂದಕ್ಷರವಿರಲಿಲ್ಲ. ಸುಳ್ಳು ಇರಲಿಲ್ಲವೆಂಬುದನ್ನು ಆ ದಿನದಿಂದ ಅವನು ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ.

ಗುಡಿಯತ್ತ ನಡೆಯುವಾಗ ಮಂಜಿನಲ್ಲಿ ಎದುರು ಬಂದವರು ಯಾರೂ ಶರಣು ಅನ್ನಲಿಲ್ಲ. ಕಂಡರೂ ಕಾಣದವರ ಹಾಗೆ ಕಂಬಳಿ ಎಳೆದುಕೊಂಡು ಹೋದರು. ಹದಿನೈದು ದಿನದ ಹಿಂದೆ ಡಂಗುರ ಹೊಡೆದಾಗಿನಿಂದ ಹೀಗೇ ಇತ್ತು. ಗದಗ-ಬೆಟಗೇರಿ ಊರು ಬೆಳೆಯುತ್ತದಂತೆ. ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಸರಕಾರ ಒಂದು ದೊಡ್ಡ ಯೋಜನೆ ಹಾಕಿದೆಯಂತೆ. ಕಳಸಾಪುರದ ಬಯಲಿನಲ್ಲಿ ಸಾಲು ಮನೆ, ರಸ್ತೆ, ಗಟಾರು ಆಗುತ್ತವಂತೆ. ತಕರಾರು ಇದ್ದವರು ಬಂದು ಹೇಳಬೇಕಂತೆ. ಹೇಳುವುದೇನು? ಬಯಲು ಖಾಲಿ ಇದೆಯೆಂದು ಸರಕಾರಕ್ಕೆ ಹೇಳಿದವರೇ ಊರವರು. ರಾಜ್ಯ ಒಂದಾಗುವುದಕ್ಕೆ ಮುಂಚಿನ ವರ್ಷ, ಇನ್ನೂ ಮುಂಬಯಿ ಸರಕಾರವಿದ್ದಾಗ, ಮರಾಠಿ ಮಾತಾಡುವ ಮೋಜಣಿದಾರನೊಬ್ಬ ನೆಲ ಅಳೆಯುವ ಸರಪಳಿ ಹಿಡಿದು ಬಂದಿದ್ದ. ಊರಿಗೆ ತಟ್ಟನೆ ನೆನಪಾದದ್ದು ಸರಕಾರದ ಕಾಳಿನ ಲೇವಿ. ಯುದ್ಧದ ಕಾಲದಲ್ಲಿ ಅಂಥವರೇ ಬಂದು ಕಬ್ಬಿಣದ ಸಲಾಕೆಯಿಂದ ನೆಲ ಚುಚ್ಚಿ ಚುಚ್ಚಿ ಹಗೇವು ಹುಡುಕಿ, ಜೋಳ ತೂಗಿ ಒಯ್ದಿದ್ದರು. ಆ ಸಂಜೆ ಇದೇ ಗುಡಿಯ ಪೌಳಿಯಲ್ಲಿ ಎಲ್ಲರೂ ಕೂಡಿ, ಮರಾಠಿ ಬಲ್ಲವನೆಂದು ವಿರೂಪಾಕ್ಷಪ್ಪನನ್ನೇ ಮುಂದೆ ಮಾಡಿದ್ದರು. "ಏನೂ ಇಲ್ಲ ಅನ್ರಿ ಸಾವಕಾರ್ರ, ದನಾ ನಿಲ್ಲು ಬಯಲು ಅನ್ರಿ," ಎಂದು ಎಲ್ಲರಿಗಿಂತ ಮೊದಲು ಅಂದವನು ಗವಿಸಿದ್ದಪ್ಪ. ಮಾರನೆಯ ದಿನ ವಿರೂಪಾಕ್ಷಪ್ಪ ಮೋಜಣಿದಾರನ ಜೊತೆ ಬಯಲಿನುದ್ದಕ್ಕೂ ನಡೆದು, ತನ್ನ ಕಲ್ಲಿನ ಮೇಲೆಯೇ ನಿಂತು, "ಯೇಥೇ ಕಾಹೀ ನಾಹೀ," ಇಲ್ಲಿ ಏನೂ ಇಲ್ಲ, ಅಂದಿದ್ದ. ಊರಿಗಾಗಿ ಹೇಳಿದ ಸುಳ್ಳು. ಅವನ ಕಾಲ ಕೆಳಗೆ ಮಾತ್ರ ಅದು ಖರೆ ಇತ್ತು.

ಪೌಳಿಯಲ್ಲಿ ಕಂಬಕ್ಕೆ ನಕ್ಷೆ ತೂಗುಹಾಕಿದ್ದರು. ಅದರಲ್ಲಿ ಊರು ಕಪ್ಪು, ಹೊಲ ಹಸಿರು, ಬಯಲು ಬರೀ ಬಿಳಿ. ಬಿಳಿಯ ಮೇಲೆ ಕೆಂಪು ಚೌಕಗಳು, ಬರಲಿರುವ ಮನೆಗಳು. ಹೊಸ ರಾಜ್ಯದ ಸಾಹೇಬರು ಮೈಸೂರ ಕಡೆಯವರು, ಕೋಟು ಹಾಕಿಕೊಂಡು ಬೆತ್ತದ ಕುರ್ಚಿಯ ಮೇಲೆ ಕುಳಿತಿದ್ದರು. ಅವರ ಮಗ್ಗುಲಿಗೆ ಹುಚ್ಚೀರಪ್ಪ, ಎರಡೂ ಕೈ ಬೆತ್ತದ ಮೇಲೆ. ಬೀಗರು ಒಬ್ಬರಿಗೊಬ್ಬರು ಕೈಮುಗಿದರು. ವಿರೂಪಾಕ್ಷಪ್ಪನಿಗೆ ಕಟ್ಟೆಯ ಮೇಲೆ ಯಾರೂ ಜಾಗ ಬಿಡಲಿಲ್ಲ. ಅವನು ಕಂಬದ ಬುಡಕ್ಕೆ, ಮಂಜಿನ ನೀರು ತೊಟ್ಟಿಕ್ಕುವಲ್ಲಿ ಕುಳಿತ.

"ನೋಡಿ, ನಿಮ್ಮ ಅಭಿಪ್ರಾಯ ಕೇಳೋದಕ್ಕೇ ನಾವು ಬಂದಿರೋದು," ಎಂದರು ಸಾಹೇಬರು. "ಈಗ ನಮ್ಮದೇ ರಾಜ್ಯ, ನಮ್ಮದೇ ಭಾಷೆ. ಸಂಕೋಚ ಬೇಡ, ಹೇಳಿ."

"ಏನಂದ್ರಲೇ?" ಹಿಂದಿನಿಂದ ಒಂದು ದನಿ.

"ನಮ್ಮ ಭಾಷಿ ಅಂದ್ರು."

"ನಮ್ಮದಾಗಿದ್ರ ತಿಳೀಬೇಕಾಗಿತ್ತಲ್ಲಲೇ!"

ನಗೆ ಹರಡಿ ನಿಂತಿತು. ಸಾಹೇಬರೂ ನಕ್ಕರು. ಆಗ ಗವಿಸಿದ್ದಪ್ಪ ಎದ್ದ. ವಿರೂಪಾಕ್ಷಪ್ಪನ ಹೊಲದ ಪಕ್ಕದ ಹೊಲದವನು, ಮಾತಾಡುವಾಗ ಕುತ್ತಿಗೆಯ ನರ ಉಬ್ಬುವ ಮನುಷ್ಯ. "ಆ ಬಯಲಾಗ ಮನಿ ಕಟ್ಟಾಕ ನಾವು ಬಿಡಂಗಿಲ್ರಿ ಸಾಹೇಬ್ರ. ಅಲ್ಲಿ ನಮ್ಮ ಹಗೇವು ಅದಾವ."

"ಹಗೇವು ಅಂದ್ರೆ?"

"ಕಾಳ ಇಡೂ ಕುಣಿರಿ. ನೆಲದಾಗ."

ಸಾಹೇಬರು ನಕ್ಷೆ ನೋಡಿದರು. "ಇದರಲ್ಲಿ ಅಂಥದ್ದೇನೂ ಇಲ್ವಲ್ಲ. ಅಳತೆ ಮಾಡಿದಾಗ ನಿಮ್ಮೂರಿನವರೇ ಏನೂ ಇಲ್ಲ ಅಂತ ಹೇಳಿದಾರೆ. ಆಗ ಯಾರೂ ಇದೆ ಅನ್ಲಿಲ್ಲ, ಈಗ ಎಲ್ಲಿಂದ ಬಂತು?"

ಎಲ್ಲರ ಮುಖಗಳೂ ಒಟ್ಟಿಗೇ ತಿರುಗಿದವು. ಹಾಗೆ ತಿರುಗುವುದನ್ನು ವಿರೂಪಾಕ್ಷಪ್ಪ ಹದಿನೈದು ದಿನದಿಂದ ಕಾಯುತ್ತಿದ್ದ. ಆದರೂ ಅದು ಮೈಗೆ ಬಿಸಿ ತಗುಲಿದಂತೆ ತಗುಲಿತು. "ಇಕಾ, ಇಲ್ಲೇ ಕುಂತಾರಲ್ಲರೀ ಸಾವಕಾರ್ರು," ಎಂದಳು ಮುದುಕಿ ಹುಚ್ಚವ್ವ, ಎಲೆ ಅಡಿಕೆಯ ಬಾಯಿಯಿಂದ. "ಮರಾಠಿ ಮಾತಾಡಿ ಊರ ಮಾರಿ ಬಂದವರು. ಕೇಳ್ರಿ ಅವರನ್ನ. ಈಗ ಬಾಯಾಗ ಏನ ಇಟಗೊಂಡಾರ ನೋಡ್ರಿ." ಗವಿಸಿದ್ದಪ್ಪ ಬೆರಳೆತ್ತಿದ. "ಹೇಳ್ರಿ ಸಾವಕಾರ್ರ. ಯಾರ ಕೇಳಿ ಹಂಗ ಹೇಳಿದ್ರಿ ನೀವು? ನಮ್ಮನ್ನ ಕೇಳಿದ್ರೇನು?" ಅವನ ಕಣ್ಣು ಮಿಟುಕಲಿಲ್ಲ. ಅಷ್ಟು ಸ್ವಚ್ಛವಾಗಿ ಮರೆಯುವುದು ಮನುಷ್ಯನಿಗೆ ಸಾಧ್ಯವೇ ಎಂದು ವಿರೂಪಾಕ್ಷಪ್ಪ ಬೆರಗಾದ. ಆ ಸಂಜೆ ಗವಿಸಿದ್ದಪ್ಪ ಕುಳಿತಿದ್ದ ಕಲ್ಲು ಕೂಡ ಅಲ್ಲೇ ಇತ್ತು. ನೀನೇ ಅಂದದ್ದು ಎಂದರೆ ಸಾಕು. ನಾಲಿಗೆ ಎತ್ತಿದ. ಆದರೆ ಮಾತು ಬಂದದ್ದು ನಾಲಿಗೆಗಲ್ಲ, ಒಳಗೆ ಎಲ್ಲಿಗೋ: ನೀನು ಮಾತ್ರ ಏನನ್ನೂ ಮರೆಮಾಡಿಲ್ಲವೇ? ಬೆತ್ತ ಎತ್ತಿದಾಗ ಕೆಮ್ಮಿದವನು ಯಾರು?

"ಆಯ್ತು, ಆಯ್ತು, ಗದ್ದಲ ಬೇಡ," ಸಾಹೇಬರು ಕೈಯೆತ್ತಿದರು. "ಇದೆ ಅನ್ನೋದಾದ್ರೆ ತೋರ್ಸಿ. ಎಲ್ಲಾ ಬೇಡ, ಒಂದೇ ಒಂದು ಬಾಯಿ ತೆಗೆದು ತೋರ್ಸಿ ಸಾಕು. ನೆಲದ ಒಳಗೆ ಪೊಳ್ಳು ಇದೆ ಅಂತ ನಾನು ಕಣ್ಣಾರೆ ನೋಡಿದ್ರೆ, ಮನೆ ಕಟ್ಟೋದಕ್ಕೆ ಆಗೋ ಜಾಗ ಅಲ್ಲ ಅಂತ ಬರ್ಕೊಂಡು ಹೋಗ್ತೀನಿ. ಯಾರದ್ದು ತೆಗೀತೀರಿ? ನಿಮ್ಮದಾ?"

ಗವಿಸಿದ್ದಪ್ಪ ಕುಳಿತುಬಿಟ್ಟ. ಸರಕಾರದ ಮನುಷ್ಯನ ಮುಂದೆ ತನ್ನ ಹಗೇವಿನ ಬಾಯಿ ತಾನೇ ತೆಗೆಯುವುದೆ? ಕಾಳು ಕಂಡ ಕಣ್ಣು ನಾಳೆ ತಕ್ಕಡಿ ತರುವುದಿಲ್ಲವೆ? ಒಬ್ಬೊಬ್ಬರೂ ತಮ್ಮ ತಮ್ಮ ಕಾಲುಗಳನ್ನು ನೋಡಿಕೊಂಡರು. ಆ ಮೌನದಲ್ಲಿ ವಿರೂಪಾಕ್ಷಪ್ಪನಿಗೆ ಒಂದು ತಂಪು ಹಾದುಹೋಯಿತು. ತಂಪು ಎಲ್ಲಿಂದ ಬಂತೆಂದು ತಿಳಿದ ಕೂಡಲೇ ನಾಚಿಕೆಯಾಯಿತು. ಯಾರೂ ಏಳದಿದ್ದರೆ ಮನೆಗಳು ಬರುತ್ತವೆ. ಮನೆಗಳು ಬಂದರೆ ಮಣ್ಣು ಕಲ್ಲು ಸುರಿದು ಕುಣಿಗಳನ್ನೆಲ್ಲ ತುಂಬುತ್ತಾರೆ. ಅವನ ಕುಣಿಯೂ ತುಂಬುತ್ತದೆ. ಅದರೊಳಗೆ ಏನಿತ್ತು ಏನಿರಲಿಲ್ಲ ಎಂಬುದು ಯಾರದೋ ಅಡಿಗೆಮನೆಯ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಮಾಘದಲ್ಲಿ ಮದುವೆಯಾಗುತ್ತದೆ. ಬೆಳಿಗ್ಗೆ ಕಣ್ಣು ಮುಚ್ಚಿ ಶಿವನನ್ನು ತಾನು ಬೇಡಿಕೊಂಡದ್ದು ಇದನ್ನೇ. ಊರಿನ ಕಾಳಿನ ನೆಲ ಹೋಗಲಿ, ತನ್ನ ಕುಣಿ ಮುಚ್ಚಲಿ ಎಂದು. ಅಂಗೈಯಲ್ಲಿ ಲಿಂಗ ಹಿಡಿದು ಇದನ್ನು ಬೇಡಿದೆನಲ್ಲ. ಅದು ಇನ್ನೂ ಎದೆಯ ಮೇಲೆ, ಅಂಗಿಯ ಒಳಗೆ, ಬೆಚ್ಚಗೆ ತೂಗುತ್ತಿತ್ತು. ಬೇಡಿದ್ದು ಅದಕ್ಕೆ ಕೇಳಿಸಿತ್ತು.

ಹುಚ್ಚೀರಪ್ಪ ಸಾಹೇಬರತ್ತ ಬಾಗಿ ನಗುತ್ತ ಅಂದ: "ಇವರು ಹಿಂಗರಿ. ಇದ್ರೂ ಇಲ್ಲ ಅಂತಾರ, ಇಲ್ದಿದ್ರೂ ಐತಿ ಅಂತಾರ. ಬರಕೊಳ್ರಿ, ತಕರಾರಿಲ್ಲ ಅಂತ."

ಆಮೇಲೆ ಎಷ್ಟೋ ಸಲ ನೆನೆಸಿಕೊಂಡರೂ ತಾನು ಎದ್ದದ್ದು ಯಾಕೆಂದು ವಿರೂಪಾಕ್ಷಪ್ಪನಿಗೆ ಗೊತ್ತಾಗಲಿಲ್ಲ. ಧರ್ಮವೆಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಗವಿಸಿದ್ದಪ್ಪನ ಬೆರಳಿನ ಮೇಲಿನ ಸಿಟ್ಟಿರಬಹುದು. ಕಂಬದಿಂದ ಬೆನ್ನಿನ ಮೇಲೆ ಬಿದ್ದ ತಣ್ಣನೆ ಹನಿಯೂ ಇರಬಹುದು. "ನನ್ನದು ತಗೀತೀನ್ರಿ," ಅಂದ. "ಬರ್ರಿ."

ಬಯಲಿಗೆ ಹೋಗುವಷ್ಟರಲ್ಲಿ ಮಂಜು ಹರಿದು ಬಿಸಿಲು ಬಿದ್ದಿತ್ತು. ಹಿಂದೆ ಊರಿಗೆ ಊರೇ ನಡೆದು ಬಂದಿತ್ತು, ಆದರೆ ಒಬ್ಬರೂ ಅವನ ಸಮಕ್ಕೆ ನಡೆಯಲಿಲ್ಲ. ಅವನು ಹಾರೆ ಹಾಕಿ ಮಣ್ಣು ಬಿಡಿಸಿದ. ವಿಭೂತಿಯ ಗೆರೆಗಳು ಹೆಂಟೆ ಹೆಂಟೆಯಾಗಿ ಎದ್ದವು. ಕಲ್ಲು ಸರಿಸಲು ಗವಿಸಿದ್ದಪ್ಪ ಬಂದ. ಹಗೇವಿನ ಕಲ್ಲು ಒಬ್ಬನ ಕೈಯಲ್ಲಿ ಏಳುವುದಿಲ್ಲ, ಅದಕ್ಕೆ ಬಂದ, ಮುಖ ನೋಡಲಿಲ್ಲ. ಸಾಹೇಬರು ಬಗ್ಗಿ ನೋಡಹೋದಾಗ ನಾಲ್ಕಾರು ಮಂದಿ ಹೌಹಾರಿ ಅವರ ಕೋಟು ಹಿಡಿದೆಳೆದರು. ಬಾಯಿ ತೆಗೆದ ಹಗೇವಿಗೆ ತಟ್ಟನೆ ಮುಖ ಕೊಡಬಾರದು. ಒಳಗಿನ ಕಾಳಿನ ಕೆಟ್ಟ ಗಾಳಿಗೆ ಆಳು ಬಿದ್ದು ಸಾಯುತ್ತಾನೆ. ಮೊದಲು ಕಂದೀಲು ಇಳಿಬಿಡಬೇಕು. ಅದು ಆರಿದರೆ ಕಾಯಬೇಕು. ಗುಡಿಯಿಂದ ಕಂದೀಲು ತಂದರು, ಹಚ್ಚಿದರು, ಹಗ್ಗ ಕಟ್ಟಿದರು. ಗವಿಸಿದ್ದಪ್ಪ ಇಳಿಬಿಡತೊಡಗಿದ. ಮೊಳದಷ್ಟು ಇಳಿದರೆ ಕಾಳಿಗೆ ತಾಗಬೇಕು. ತಾಗಲಿಲ್ಲ. ಇನ್ನೊಂದು ಮೊಳ ಬಿಟ್ಟ. ಬಗ್ಗಿ ನೋಡಿದವರ ಮುಖದ ಮೇಲೆ ಕೆಳಗಿನಿಂದ ಬೆಳಕು ಬಿದ್ದಿತ್ತು. ದೀಪ ಆರಲಿಲ್ಲ, ಮಿಣುಕಲೂ ಇಲ್ಲ, ದೇವರ ಮುಂದಿನ ದೀಪದ ಹಾಗೆ ನೆಟ್ಟಗೆ ಉರಿಯುತ್ತ ಇಳಿಯಿತು. ಗವಿಸಿದ್ದಪ್ಪನ ಕೈ ನಿಧಾನವಾಯಿತು. ಆಗ ಮೊದಲ ಬಾರಿಗೆ ಅವನು ತಲೆಯೆತ್ತಿ ವಿರೂಪಾಕ್ಷಪ್ಪನನ್ನು ನೋಡಿದ. ಕುಣಿ ಖಾಲಿಯೆಂದು ಅವನಿಗೆ ತಿಳಿದುಹೋಗಿತ್ತು. ಅಲ್ಲಿ ನಿಂತ ಎಲ್ಲರಿಗೂ ತಿಳಿದುಹೋಗಿತ್ತು.

"ಬಿಡಲೇ, ಇನ್ನೂ ಬಿಡು," ಎಂದ ಹುಚ್ಚೀರಪ್ಪ, ಹಿಂದಿನಿಂದ. "ತಳಾ ಕಾಣೂ ಮಟ ಬಿಡು."

ಕಂದೀಲು ತಳಕ್ಕೆ ತಾಗಿದ ಸಣ್ಣ ಸದ್ದು ಮೇಲಕ್ಕೆ ದೊಡ್ಡದಾಗಿ ಬಂತು.

"ಅಬ್ಬಾ, ಎಷ್ಟು ದೊಡ್ಡದು!" ಸಾಹೇಬರು ಕನ್ನಡಕ ಒರೆಸಿ ಮತ್ತೆ ನೋಡಿದರು. ಅವರೊಬ್ಬರಿಗೇ ಸಂತೋಷವಾಗಿತ್ತು. "ಒಂದು ಕೋಣೆ ಇದ್ದ ಹಾಗಿದೆಯಲ್ರೀ. ಇಂಥವು ಎಷ್ಟಿವೆ ಇಲ್ಲಿ?"

"ಬಯಲ ತುಂಬ ಅದಾವ್ರಿ," ಅಂದ ವಿರೂಪಾಕ್ಷಪ್ಪ.

"ಹಾಗಾದ್ರೆ ಇಲ್ಲಿ ಗೋಡೆ ನಿಲ್ಲೋಲ್ಲ. ಮನೆಗಳನ್ನ ಆ ಕಡೆಗೆ ಸರಿಸಬೇಕು." ಅವರು ನಕ್ಷೆಯನ್ನು ಮೊಣಕಾಲ ಮೇಲೆ ಹರಡಿ, ಬಿಳಿಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಕೆಂಪು ಚೌಕಗಳ ಮೇಲೆ ಅಡ್ಡ ಹೊಡೆದರು. ಎಲ್ಲರಿಗೂ ಕೈಮುಗಿದು ಮೋಟಾರಿನತ್ತ ನಡೆದರು. ಹುಚ್ಚೀರಪ್ಪ ಅವರ ಹಿಂದೆ ಹೋಗಲಿಲ್ಲ. ಕುಣಿಯ ಅಂಚಿಗೆ ಬಂದು, ಎಷ್ಟೋ ಹೊತ್ತು ಒಳಗೆ ನೋಡಿ ಬೇರೆ ದಾರಿ ಹಿಡಿದ.

ಮೊದಲು ನಕ್ಕವಳು ಹುಚ್ಚವ್ವ. "ಅಮಾಸಿಗೊಂದು ಕಾಯಿ ಒಡೀತಿದ್ದನಲ್ಲವ್ವ, ಖಾಲಿ ಕುಣಿಗೆ! ನಾ ಅವನ ಕಾಯಿ ಪ್ರಸಾದ ಅಂತ ತಿಂದೀನಿ!" ನಗೆ ಹತ್ತಿಕೊಂಡಿತು. ನಗದವರು ಬೈದರು. ಬಯಲ ತುಂಬ ಅದಾವ ಅಂತ ಸರಕಾರದ ಕಿವಿಗೆ ಹಾಕಿದನಲ್ಲ, ನಾಳೆ ಲೇವಿಯವರು ಬಂದರೆ ಯಾರು ಕೊಡಬೇಕು? "ನಿಂದೇನ್ ಹೋಗ್ತೈತೋ?" ಗವಿಸಿದ್ದಪ್ಪ ಹಗ್ಗ ಸುತ್ತುತ್ತ ಅಂದ, ಸಾವಕಾರ್ರ ಅನ್ನುವುದನ್ನು ಬಿಟ್ಟು. "ಖಾಲಿ ಇದ್ದಾಂವ ನೀ. ಅಂದು ಇಲ್ಲ ಅಂದು ನಮ್ಮನ್ನ ಮುಳಗಿಸಿದಿ, ಇಂದು ಐತಿ ಅಂದು ಮುಳಗಿಸಿದಿ." ನೆಲ ಉಳಿದದ್ದನ್ನು ಯಾರೂ ಆಡಲಿಲ್ಲ. ಯಾರಾದರೂ ಆಡಲಿ ಎಂದು ವಿರೂಪಾಕ್ಷಪ್ಪ ಒಂದು ಗಳಿಗೆ ಕಾದದ್ದು ಖರೆ. ಕಾದದ್ದು ತಿಳಿದಾಗ ಅದಕ್ಕೂ ನಾಚಿದ. ಮಂದಿ ಕರಗಿದರು. ದನ ಬಿದ್ದೀತೆಂದು ಅವನೊಬ್ಬನೇ ಹಾರೆಯಿಂದ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಮೀಟುತ್ತ ಬಾಯಿಗೆ ತಂದ. ಮಣ್ಣು ಮೆತ್ತಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹುಚ್ಚೀರಪ್ಪ ಮನೆಗೆ ಬಂದ. ಪಡಸಾಲೆಯ ಕಂಬಳಿಯ ಮೇಲೆ ಕುಳಿತು ಸುಮಿತ್ರವ್ವ ತಂದಿಟ್ಟ ನೀರು ಕುಡಿದ, ಬೆಲ್ಲ ಮುಟ್ಟಲಿಲ್ಲ. ಈ ಮಂಜು ಕಡಲೆಗೆ ಒಳ್ಳೆಯದಲ್ಲವೆಂದ. ಅರಳೆಯ ಧಾರಣೆ ಬಿದ್ದಿದೆಯೆಂದ. ವಿರೂಪಾಕ್ಷಪ್ಪ ಹೌದ್ರಿ ಹೌದ್ರಿ ಅನ್ನುತ್ತಿದ್ದ. ಹಿಂದೆ ಹೀಗೇ ಕುಳಿತಾಗ ಒಂದೊಂದು ಹೌದ್ರಿಗೂ ಎದೆ ಬಡಿಯುತ್ತಿತ್ತು, ಇಂದು ಬಡಿಯಲಿಲ್ಲ. ಬಡಿಯದೆ ಇದ್ದದ್ದು ಸಮಾಧಾನವೋ ಸಾವೋ ತಿಳಿಯಲಿಲ್ಲ.

"ಹುಡುಗಗ ಈ ಮಾಘ ಯಾಕೋ ಸರಿ ಇಲ್ಲ ಅಂತ ಅಯ್ನಾರು ಅಂದಾರ್ರಿ," ಹುಚ್ಚೀರಪ್ಪ ಬೆತ್ತದ ಬೆಳ್ಳಿಯನ್ನು ಹೆಬ್ಬೆರಳಿನಿಂದ ಒರೆಸುತ್ತ ಹೇಳಿದ. "ಅಂದ್ರ... ಮುಂದ ನೋಡೂಣು ಅಂತ. ಕುಣಿ ಮಾತಲ್ಲ ಇದು. ಕುಣಿ ಇಂದು ಖಾಲಿ ಇರತೈತಿ, ನಾಳೆ ತುಂಬತೈತಿ. ಆದರ ಅವತ್ತ ನೀವು ಕೆಮ್ಮಿದ್ರಲ್ಲ."

ವಿರೂಪಾಕ್ಷಪ್ಪ ತಲೆಯಾಡಿಸಿದ. ಗೋಡೆಯ ಆಚೆ ಸುಮಿತ್ರವ್ವ ಬಿಕ್ಕಿದ್ದು ಕೇಳಿಸಿತು, ಸೆರಗಿನಿಂದ ಬಾಯಿ ಮುಚ್ಚಿದ್ದೂ ಕೇಳಿಸಿತು. ಹುಚ್ಚೀರಪ್ಪ ಇನ್ನೂ ಏನನ್ನೋ ಕೇಳಬೇಕಾಗಿತ್ತು, ಅದಕ್ಕಾಗಿ ಏಳದೆ ಕುಳಿತಿದ್ದ, ಅದನ್ನು ಬಾಯಿಬಿಟ್ಟು ಕೇಳುವುದು ಅವನಿಗೂ ಬಿಗುವಾಗಿತ್ತು. ನೀರಿನ ತಂಬಿಗೆಯನ್ನು ಅತ್ತ ಸರಿಸಿದ, ಇತ್ತ ಸರಿಸಿದ.

ಒಳಗಿನಿಂದ ಶಾರದವ್ವ ಬಂದಳು. ಅವನ ಮುಂದೆ ಇದುವರೆಗೆ ತಲೆಯೆತ್ತದವಳು, ಮಾತಾಡದವಳು. ಕೈಯಲ್ಲಿ, ನಿಶ್ಚಯಕ್ಕೆ ಉಡಿ ತುಂಬಿದ ದಿನ ಅವರ ಮನೆಯವರು ಉಡಿಸಿದ್ದ ಹಸಿರು ಸೀರೆ, ಮೇಲೆ ಕುಬುಸದ ಖಣ, ಖಣದ ಮೇಲೆ ಬೆಳ್ಳಿಯ ಕುಂಕುಮ ಭರಣಿ. ಸೀರೆಯನ್ನು ಅಂಗಡಿಯಿಂದ ಬಂದಾಗ ಇದ್ದ ಮಡಿಕೆಗಳಲ್ಲೇ ಮತ್ತೆ ಮಡಚಿದ್ದಳು. ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

"ತಗೋರಿ ಕಾಕಾರ. ಒಂದ ಸಲ ಉಟ್ಟೀನ್ರಿ, ಅವತ್ತ ನಿಮ್ಮ ಮುಂದ. ಒಗದೀನಿ."

ಹುಚ್ಚೀರಪ್ಪ ಬೆತ್ತ ಕೆಳಗಿಟ್ಟ. ತೆಗೆದುಕೊಂಡ. ಬಿಚ್ಚಿ ನೋಡಲಿಲ್ಲ, ಹೆಗಲ ಮೇಲಿನ ವಲ್ಲಿಯಲ್ಲಿ ಗಂಟು ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡ. ಅವನು ಮೆಟ್ಟು ಮೆಟ್ಟಿಕೊಂಡು ಅಂಗಳ ದಾಟುವವರೆಗೆ ಹುಡುಗಿ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಅವನು ಕುಡಿದ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.